ಸಾಯುತ್ತಿರುವ ಜೀವಕೋಶದಲ್ಲಿ ಕ್ಯಾಸ್ಪೇಸ್-3ರ ಚಟುವಟಿಕೆ ಅಳೆಯುವುದು ಹೇಗೆ

ಜೀವಕೋಶದ ಯೋಜಿತ ಸಾವನ್ನು, ಅಂದರೆ ಅಪೊಪ್ಟೋಸಿಸ್ ಅನ್ನು, ತೋರಿಸಲು ಹಲವು ದಾರಿಗಳಿವೆ. ಅವುಗಳಲ್ಲಿ ಖರ್ಚು ಕಡಿಮೆ, ಒಂದು ಪ್ಲೇಟ್ ರೀಡರ್ ಇದ್ದರೆ ಕಾಲೇಜಿನ ಪ್ರಯೋಗಾಲಯದಲ್ಲೂ ಆಗುವಂಥದ್ದು ಆ ಸಾವನ್ನು ನಡೆಸುವ ಕಿಣ್ವವಾದ ಕ್ಯಾಸ್ಪೇಸ್-3ರ ಚಟುವಟಿಕೆಯ ಅಳತೆ. ಸಂಖ್ಯೆ ಪಡೆಯುವುದು ಕಷ್ಟವಲ್ಲ. ಅದು ಕ್ಯಾಸ್ಪೇಸ್‌ನದ್ದೇ ಎಂದು ಹೇಳುವ ಧೈರ್ಯ ಕೊಡುವ ಕಂಟ್ರೋಲ್‌ಗಳನ್ನು, ಅಂದರೆ ಹೋಲಿಕೆಯ ಸ್ಯಾಂಪಲ್‌ಗಳನ್ನು, ಇಡುವುದರಲ್ಲೇ ಎಡವುವುದು ಹೆಚ್ಚು. ಇಲ್ಲಿ ಜರ್ಕಾಟ್ ಎಂಬ ಮಾನವ ಟಿ-ಕೋಶ ಲ್ಯುಕೇಮಿಯಾ ಸಾಲನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಭಾರತದಲ್ಲಿ ಕೋಶಸಾಲುಗಳಿಗೆ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರವನ್ನು ಕೇಳಬಹುದು.

ಮೊದಲು ಕಿಣ್ವದ ಬಗ್ಗೆ ಇಷ್ಟು

ಕ್ಯಾಸ್ಪೇಸ್‌ಗಳು ಪ್ರೋಟೀನನ್ನು ಆಸ್ಪಾರ್ಟಿಕ್ ಆಮ್ಲದ ನಂತರ ಕತ್ತರಿಸುವ ಕಿಣ್ವಗಳು. ಕತ್ತರಿಸುವ ಕೆಲಸ ಮಾಡುವುದು ಅವುಗಳ ಸಕ್ರಿಯ ತಾಣದ ಸಿಸ್ಟೀನ್. ಈ ಸಿಸ್ಟೀನ್ ಆಕ್ಸಿಡೀಕರಣಗೊಂಡರೆ ಕಿಣ್ವ ನಿಷ್ಪ್ರಯೋಜಕ. ಬಫರ್‌ನಲ್ಲಿ ಆಕ್ಸಿಡೀಕರಣ ತಡೆಯುವ ಡಿಟಿಟಿ ಎಂಬ ರಾಸಾಯನಿಕ ಬೇಕೇ ಬೇಕು ಎನ್ನುವುದು ಅದಕ್ಕೇ.

ಆರೋಗ್ಯವಂತ ಕೋಶದಲ್ಲಿ ಇವೆಲ್ಲ ಪ್ರೊಕ್ಯಾಸ್ಪೇಸ್ ರೂಪದಲ್ಲಿ ಸುಮ್ಮನೆ ಇರುತ್ತವೆ. ಆರಂಭಿಕ ಕ್ಯಾಸ್ಪೇಸ್‌ಗಳಾದ 8 ಮತ್ತು 9 ಎಚ್ಚರಗೊಳ್ಳುವುದು ಒಂದರ ಪಕ್ಕ ಒಂದು ಬಂದು ಜೋಡಿಯಾದಾಗ. 8ನೆಯದನ್ನು ಜೋಡಿಸುವುದು ಫ್ಯಾಸ್‌ನಂಥ ಗ್ರಾಹಕದ ಕೆಳಗೆ ಕಟ್ಟಿಕೊಳ್ಳುವ ಸಂಕೀರ್ಣ. 9ನೆಯದನ್ನು ಜೋಡಿಸುವುದು ಅಪೊಪ್ಟೊಸೋಮ್: ಮೈಟೊಕಾಂಡ್ರಿಯದಿಂದ ಹೊರಬಂದ ಸೈಟೊಕ್ರೋಮ್ ಸಿ, ಏಳು ಅಪಾಫ್-1 ಅಣುಗಳನ್ನು ಚಕ್ರದಂತೆ ಕೂಡಿಸುತ್ತದೆ. ಕ್ಯಾಸ್ಪೇಸ್-3 ಮಾತ್ರ ಬೇರೆ ಥರ. ಅದು ಮೊದಲೇ ಜೋಡಿಯಾಗಿರುತ್ತದೆ. 175ನೆಯ ಸ್ಥಾನದ ಆಸ್ಪಾರ್ಟೇಟ್‌ನಲ್ಲಿ 8 ಅಥವಾ 9 ಬಂದು ಕತ್ತರಿಸುವವರೆಗೆ ಕೆಲಸ ಮಾಡುವುದಿಲ್ಲ.

ಕತ್ತರಿಸಿದ ಮೇಲೂ ಒಂದು ತಡೆ ಉಳಿದಿದೆ. ಎಕ್ಸ್‌ಐಎಪಿ ಎಂಬ ಪ್ರೋಟೀನ್ ಸಕ್ರಿಯ ಕ್ಯಾಸ್ಪೇಸ್-3ನ್ನು ಹಿಡಿದಿಡಬಲ್ಲದು. ಮೈಟೊಕಾಂಡ್ರಿಯದಿಂದಲೇ ಬರುವ ಸ್ಮ್ಯಾಕ್ ಅದನ್ನು ಬಿಡಿಸುತ್ತದೆ. ಆದ್ದರಿಂದ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನದಲ್ಲಿ) ತುಂಡಾದ ಬ್ಯಾಂಡ್ ಕಂಡ ಮಾತ್ರಕ್ಕೆ ಕಿಣ್ವ ದುಡಿಯುತ್ತಿದೆ ಎನ್ನುವಂತಿಲ್ಲ. ದುಡಿಯುತ್ತಿದೆಯೇ ಎಂದು ತಿಳಿಯಲು ಅದಕ್ಕೆ ಕೆಲಸ ಕೊಟ್ಟು ನೋಡಬೇಕು.

ನಾವು ಕೊಡುವ ಕೆಲಸ ಎಸಿ-ಡಿಇವಿಡಿ-ಪಿಎನ್‌ಎ ಎಂಬ ಪುಟ್ಟ ಪೆಪ್ಟೈಡ್. ಕೊನೆಯ ಆಸ್ಪಾರ್ಟೇಟ್ ಆದ ಮೇಲೆ ಕಿಣ್ವ ಕತ್ತರಿಸಿದರೆ ಪಿಎನ್‌ಎ, ಅಂದರೆ ಪ್ಯಾರಾ-ನೈಟ್ರೊಅನಿಲಿನ್, ಬಿಡುಗಡೆಯಾಗಿ ದ್ರಾವಣ ಹಳದಿಯಾಗುತ್ತದೆ. 405 ನ್ಯಾನೊಮೀಟರ್‌ನಲ್ಲಿ ಅದನ್ನು ಅಳೆಯುತ್ತೇವೆ. ಡಿಇವಿಡಿ ಎಂಬ ಈ ನಾಲ್ಕಕ್ಷರದ ಅನುಕ್ರಮ ಪಿಎಆರ್‌ಪಿ-1 ಎಂಬ ಡಿಎನ್‌ಎ ರಿಪೇರಿ ಪ್ರೋಟೀನ್‌ನಲ್ಲಿ ಕ್ಯಾಸ್ಪೇಸ್-3 ಕತ್ತರಿಸುವ ಜಾಗದ್ದೇ.

ಬಫರ್‌ಗಳು

ಎರಡು ಬೇಕು. ಕೋಶ ಒಡೆಯುವ ಲೈಸಿಸ್ ಬಫರ್ 10 ಮಿಲಿಲೀಟರ್‌ಗೆ: 1 ಮೋಲಾರ್ ಹೆಪೆಸ್ (ಪಿಎಚ್ 7.4) 0.5 ಮಿಲಿಲೀಟರ್, ಶೇ. 10ರ ಚಾಪ್ಸ್ (ಪೊರೆ ಕರಗಿಸುವ ಡಿಟರ್ಜೆಂಟ್) 0.1 ಮಿಲಿಲೀಟರ್, 0.5 ಮೋಲಾರ್ ಇಡಿಟಿಎ 2 ಮೈಕ್ರೊಲೀಟರ್, 1 ಮೋಲಾರ್ ಡಿಟಿಟಿ 50 ಮೈಕ್ರೊಲೀಟರ್, ಉಳಿದದ್ದು ನೀರು.

ಅಳತೆಯ ಬಫರ್ 10 ಮಿಲಿಲೀಟರ್‌ಗೆ: ಅದೇ ಹೆಪೆಸ್ 0.5 ಮಿಲಿಲೀಟರ್, ಅದೇ ಚಾಪ್ಸ್ 0.1 ಮಿಲಿಲೀಟರ್, 5 ಮೋಲಾರ್ ಸೋಡಿಯಂ ಕ್ಲೋರೈಡ್ 0.2 ಮಿಲಿಲೀಟರ್, ಇಡಿಟಿಎ 20 ಮೈಕ್ರೊಲೀಟರ್, ಗ್ಲಿಸರಾಲ್ 1 ಮಿಲಿಲೀಟರ್, ಡಿಟಿಟಿ 100 ಮೈಕ್ರೊಲೀಟರ್, ಉಳಿದದ್ದು ನೀರು.

ಡಿಟಿಟಿಯನ್ನು ಮಾತ್ರ ಬಳಸುವ ದಿನವೇ ಸೇರಿಸಿ. 1 ಮೋಲಾರ್ ಸ್ಟಾಕನ್ನು ಸಣ್ಣ ಟ್ಯೂಬ್‌ಗಳಲ್ಲಿ ಹಂಚಿ ಮೈನಸ್ 20 ಡಿಗ್ರಿಯಲ್ಲಿಡಿ, ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಫ್ರೀಜ್ ಮಾಡಬೇಡಿ. ಇಡಿಟಿಎ ಇರುವುದಕ್ಕೂ ಕಾರಣವಿದೆ: ಸತುವಿನ ಅಯಾನು ಕ್ಯಾಸ್ಪೇಸ್ ಅನ್ನು ತಡೆಯುತ್ತದೆ, ಇಡಿಟಿಎ ಅದನ್ನು ಹಿಡಿದುಕೊಳ್ಳುತ್ತದೆ.

ಪ್ರೋಟಿಯೇಸ್ ಇನ್‌ಹಿಬಿಟರ್ (ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ) ಮಿಶ್ರಣ ಹಾಕುವ ಅಭ್ಯಾಸವಿದ್ದರೆ ಅದರಲ್ಲಿ ಏನಿದೆ ಎಂದು ಓದಿ. ಯುಬಿಕ್ವಿಟಿನ್ ಎಂಬ ಪ್ರೋಟೀನ್ ಮೇಲೆ ಕೆಲಸ ಮಾಡುವವರು ಎನ್-ಈಥೈಲ್‌ಮ್ಯಾಲಿಮೈಡ್ ಅಥವಾ ಅಯೊಡೊಅಸಿಟಮೈಡ್ ಸೇರಿಸಿದ ಬಫರ್ ಇಟ್ಟಿರುತ್ತಾರೆ. ಇವೆರಡೂ ಸಿಸ್ಟೀನ್‌ಗೆ ಅಂಟಿಕೊಳ್ಳುತ್ತವೆ. ಪಕ್ಕದ ಬೆಂಚಿನ ಆ ಬಾಟಲಿ ಕೈಗೆ ಸಿಕ್ಕಿತೆಂದು ಬಳಸಿದರೆ ನಿಮ್ಮ ಕ್ಯಾಸ್ಪೇಸ್ ಅಲ್ಲಿಗೇ ಮುಗಿಯಿತು.

ಕೋಶಗಳನ್ನು ಸಾವಿನ ಹಾದಿಗೆ ಹಚ್ಚುವುದು

ಜರ್ಕಾಟ್ ಕೋಶಗಳನ್ನು ಆರ್‌ಪಿಎಂಐ-1640 ಮಾಧ್ಯಮ, ಶೇ. 10 ಸೀರಮ್, 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್‌ನಲ್ಲಿ ಬೆಳೆಸಿ. ಪ್ರಯೋಗದ ದಿನ ಮಿಲಿಲೀಟರ್‌ಗೆ 5 ಲಕ್ಷದಿಂದ 10 ಲಕ್ಷ ಕೋಶಗಳಿರಲಿ. ದಟ್ಟಣೆ ಇದಕ್ಕಿಂತ ಬಹಳ ಹೆಚ್ಚಾದ ಫ್ಲಾಸ್ಕ್‌ನಲ್ಲಿ ಔಷಧ ಹಾಕುವ ಮೊದಲೇ ಕೋಶಗಳು ಸಾಯತೊಡಗಿರುತ್ತವೆ, ಕಂಟ್ರೋಲ್ ಕೈಕೊಡುತ್ತದೆ. ಸತ್ತ ಕೋಶವನ್ನಷ್ಟೇ ನೀಲಿಯಾಗಿಸುವ ಟ್ರೈಪಾನ್ ಬ್ಲೂ ಹಾಕಿ ಎಣಿಸಿ, ಶೇ. 95ಕ್ಕಿಂತ ಕಡಿಮೆ ಜೀವಂತ ಕೋಶಗಳಿದ್ದರೆ ಆ ದಿನ ಪ್ರಯೋಗ ಬೇಡ.

ಸಾವನ್ನು ಪ್ರಚೋದಿಸಲು ಸ್ಟಾರೊಸ್ಪೊರಿನ್ ಎಂಬ ಔಷಧ 1 ಮೈಕ್ರೊಮೋಲಾರ್ ಸಾಕು. 100 ಮೈಕ್ರೊಗ್ರಾಂನ ಬಾಟಲಿಗೆ 214 ಮೈಕ್ರೊಲೀಟರ್ ಡಿಎಂಎಸ್‌ಒ ಎಂಬ ದ್ರಾವಕ ಹಾಕಿದರೆ 1 ಮಿಲಿಮೋಲಾರ್ ಸ್ಟಾಕ್ ಆಗುತ್ತದೆ. ಒಂದು ಮಿಲಿಲೀಟರ್ ಮಾಧ್ಯಮಕ್ಕೆ ಅದರಿಂದ 1 ಮೈಕ್ರೊಲೀಟರ್. ಡಿಎಂಎಸ್‌ಒ ಶೇ. 0.1ರಷ್ಟು ಸೇರಿದಂತಾಯಿತು, ಅಷ್ಟನ್ನೇ ಕಂಟ್ರೋಲ್‌ಗೂ ಹಾಕಿ. ಡಿಎಂಎಸ್‌ಒದಲ್ಲಿ ಕರಗಿದ ವಿಷ ಚರ್ಮದೊಳಕ್ಕೆ ಸುಲಭವಾಗಿ ಇಳಿಯುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಹನಿ ಬಿದ್ದರೆ ತಕ್ಷಣ ಬದಲಿಸಿ.

ಒಂದೇ ಹೊತ್ತಿನ ಅಳತೆಯನ್ನು ನಂಬಬೇಡಿ. 0, 1, 2, 4, 6 ಗಂಟೆಗಳಲ್ಲಿ ತಲಾ 50 ಲಕ್ಷ ಕೋಶ ತೆಗೆಯಿರಿ. ನಿಮ್ಮ ಗ್ರಾಫ್‌ನಲ್ಲಿ ಚಟುವಟಿಕೆ ಗಂಟೆಗಟ್ಟಲೆ ನಿಧಾನವಾಗಿ ಏರುವುದು ಕಾಣುತ್ತದೆ. ಅದನ್ನು ನೋಡಿ ಪ್ರತಿ ಕೋಶದಲ್ಲೂ ಕಿಣ್ವ ನಿಧಾನವಾಗಿ ಏರುತ್ತಿದೆ ಎಂದುಕೊಂಡರೆ ತಪ್ಪು. ಬಾಣಲೆಯಲ್ಲಿ ಜೋಳದ ಅರಳು ಹುರಿದ ಹಾಗೆ ಇದು: ಒಂದೊಂದು ಕಾಳು ಸಿಡಿಯುವುದು ಕ್ಷಣದಲ್ಲಿ, ಬಾಣಲೆಯೆಲ್ಲ ಅರಳಲು ಹೊತ್ತು ಬೇಕು. ಒಂಟಿ ಕೋಶವನ್ನು ಸೂಕ್ಷ್ಮದರ್ಶಕದಡಿ ಹಿಂಬಾಲಿಸಿದ ಅಧ್ಯಯನಗಳಲ್ಲಿ ಸೈಟೊಕ್ರೋಮ್ ಸಿ ಹೊರಬಂದ ಕೆಲವೇ ನಿಮಿಷಗಳಲ್ಲಿ ಕ್ಯಾಸ್ಪೇಸ್-3 ಪೂರ್ತಿ ಎಚ್ಚರಗೊಳ್ಳುತ್ತದೆ. ನೀವು ಲೈಸೇಟ್‌ನಲ್ಲಿ (ಒಡೆದ ಕೋಶಗಳ ರಸದಲ್ಲಿ) ಅಳೆಯುವುದು ಹೆಚ್ಚಾಗಿ ಎಷ್ಟು ಕೋಶಗಳು ಸಿಡಿದಿವೆ ಎಂಬುದನ್ನು.

ಮತ್ತೊಂದು ತುದಿಯೂ ಇದೆ. 16ರಿಂದ 24 ಗಂಟೆ ಬಿಟ್ಟರೆ ಚಟುವಟಿಕೆ ಕುಸಿಯುತ್ತದೆ. ಕಲ್ಚರ್ ಫ್ಲಾಸ್ಕ್‌ನಲ್ಲಿ ಸತ್ತ ಕೋಶವನ್ನು ನುಂಗುವ ಮ್ಯಾಕ್ರೊಫೇಜ್ ಇಲ್ಲ. ಹಾಗಾಗಿ ಪೊರೆ ಒಡೆದು ಕಿಣ್ವ ಮಾಧ್ಯಮಕ್ಕೆ ಸೋರಿಹೋಗುತ್ತದೆ. "ರಾತ್ರಿ ಔಷಧ ಹಾಕಿದೆವು, ಬೆಳಿಗ್ಗೆ ಎಲ್ಲ ಕೋಶ ಸತ್ತಿವೆ, ಆದರೆ ಕ್ಯಾಸ್ಪೇಸ್ ಇಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಹೀಲಾದಂಥ ತಳಕ್ಕೆ ಅಂಟಿ ಬೆಳೆಯುವ ಕೋಶಗಳಾದರೆ ಮೇಲಿನ ಮಾಧ್ಯಮವನ್ನು ಚೆಲ್ಲಬೇಡಿ. ಸಾಯುವ ಕೋಶ ಮೊದಲು ಮಾಡುವ ಕೆಲಸ ತಳ ಬಿಟ್ಟು ತೇಲುವುದು. ತೇಲಿದವನ್ನೂ ಅಂಟಿಕೊಂಡವನ್ನೂ ಸೇರಿಸಿಯೇ ಸೆಂಟ್ರಿಫ್ಯೂಜ್ ಮಾಡಿ.

ಲೈಸೇಟ್ ಮತ್ತು ಅಳತೆ

1. ಕೋಶಗಳನ್ನು 300 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ, ತಣ್ಣನೆಯ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬಫರಿನ ಉಪ್ಪುನೀರಿನಲ್ಲಿ) ಒಮ್ಮೆ ತೊಳೆಯಿರಿ. ಪಿಬಿಎಸ್ ಪೂರ್ತಿ ತೆಗೆಯಿರಿ. ಪೆಲೆಟ್ ಮೇಲೆ 50 ಮೈಕ್ರೊಲೀಟರ್ ಉಳಿದರೂ ಲೈಸೇಟ್ ತೆಳುವಾಗುತ್ತದೆ.

2. 100 ಮೈಕ್ರೊಲೀಟರ್ ಲೈಸಿಸ್ ಬಫರ್ ಹಾಕಿ, ಪಿಪೆಟ್‌ನಿಂದ ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಐಸ್ ಮೇಲೆ 15 ನಿಮಿಷ ಇಡಿ. ಚಾಪ್ಸ್ ನೊರೆ ಬರಿಸುತ್ತದೆ, ವೋರ್ಟೆಕ್ಸ್ ಬೇಡ.

3. 4 ಡಿಗ್ರಿಯಲ್ಲಿ 12,000 ಜಿ, 10 ನಿಮಿಷ. ಮೇಲಿನ ತಿಳಿಯನ್ನು ಹೊಸ ಟ್ಯೂಬ್‌ಗೆ ತೆಗೆಯಿರಿ. ಅದೇ ದಿನ ಅಳೆಯದಿದ್ದರೆ ಹಂಚಿಟ್ಟು ಮೈನಸ್ 80ಕ್ಕೆ.

4. ಪ್ರೋಟೀನನ್ನು ಬ್ರಾಡ್‌ಫರ್ಡ್ ವಿಧಾನದಲ್ಲಿ ಅಳೆಯಿರಿ. ಬಿಸಿಎ ವಿಧಾನ ಇಲ್ಲಿ ನಡೆಯದು: ಡಿಟಿಟಿ ತಾನೇ ತಾಮ್ರವನ್ನು ಅಪಕರ್ಷಿಸಿ, ಇಲ್ಲದ ಪ್ರೋಟೀನನ್ನು ತೋರಿಸುತ್ತದೆ.

5. 96 ಗುಂಡಿಯ ಪ್ಲೇಟ್‌ನಲ್ಲಿ ಪ್ರತಿ ಗುಂಡಿಗೆ 50 ಮೈಕ್ರೊಗ್ರಾಂ ಪ್ರೋಟೀನ್, ಅಳತೆಯ ಬಫರ್ ಸೇರಿಸಿ ಒಟ್ಟು 90 ಮೈಕ್ರೊಲೀಟರ್. 37 ಡಿಗ್ರಿಯಲ್ಲಿ 10 ನಿಮಿಷ ಬಿಡಿ.

6. ಸಬ್‌ಸ್ಟ್ರೇಟ್‌ನ, ಅಂದರೆ ಎಸಿ-ಡಿಇವಿಡಿ-ಪಿಎನ್‌ಎಯ, 20 ಮಿಲಿಮೋಲಾರ್ ಸ್ಟಾಕನ್ನು ಅಳತೆಯ ಬಫರ್‌ನಲ್ಲಿ ಹತ್ತು ಪಟ್ಟು ತೆಳುಮಾಡಿ, ಪ್ರತಿ ಗುಂಡಿಗೆ 10 ಮೈಕ್ರೊಲೀಟರ್ ಹಾಕಿ. ಕೊನೆಗೆ 200 ಮೈಕ್ರೊಮೋಲಾರ್ ಆಗುತ್ತದೆ. ಸ್ಟಾಕನ್ನೇ 1 ಮೈಕ್ರೊಲೀಟರ್‌ನಂತೆ ಹಾಕಲು ಹೋದರೆ ಗುಂಡಿಯಿಂದ ಗುಂಡಿಗೆ ಫರಕು ಬರುವುದು ಖಂಡಿತ.

7. 405 ನ್ಯಾನೊಮೀಟರ್‌ನಲ್ಲಿ 2 ನಿಮಿಷಕ್ಕೊಮ್ಮೆ, ಒಂದು ಗಂಟೆ ಓದಿ, ಸಮಯಕ್ಕೆ ಎದುರು ಹೀರಿಕೆಯ ಗೆರೆ ಎಳೆಯಿರಿ. ಆ ಗೆರೆಯ ಇಳಿಜಾರೇ ಕಿಣ್ವದ ವೇಗ. ಗುಳ್ಳೆಗಳಿದ್ದರೆ ಮೊದಲೇ ಸೂಜಿಯಿಂದ ಒಡೆಯಿರಿ.

ಕ್ಯಾಸ್ಪೇಸ್-3ಕ್ಕೆ ಈ ಸಬ್‌ಸ್ಟ್ರೇಟ್‌ನ ಕೆಎಂ (ಕಿಣ್ವ ತನ್ನ ಪೂರ್ಣ ವೇಗದ ಅರ್ಧ ತಲುಪುವ ಸಾಂದ್ರತೆ) ಸುಮಾರು 10 ಮೈಕ್ರೊಮೋಲಾರ್. 200 ಎಂದರೆ ಅದರ 20 ಪಟ್ಟು. ಆದ್ದರಿಂದ ಕಿಣ್ವ ತನ್ನ ಪೂರ್ಣ ವೇಗದ ಹತ್ತಿರವೇ ಇರುತ್ತದೆ, ಸಬ್‌ಸ್ಟ್ರೇಟ್ ಸ್ವಲ್ಪ ಖರ್ಚಾದರೂ ಗೆರೆ ನೇರವಾಗಿ ಉಳಿಯುತ್ತದೆ.

ಬಿಡಬಾರದ ಗುಂಡಿಗಳು

ಲೈಸೇಟ್ ಇಲ್ಲದ, ಸಬ್‌ಸ್ಟ್ರೇಟ್ ಮಾತ್ರ ಇರುವ ಗುಂಡಿ ಒಂದು. ಸಬ್‌ಸ್ಟ್ರೇಟ್ ಇಲ್ಲದ, ಲೈಸೇಟ್ ಮಾತ್ರ ಇರುವುದು ಇನ್ನೊಂದು. ಮೂರನೆಯದೇ ಮುಖ್ಯ: ಪ್ರತಿಯೊಂದು ಸ್ಯಾಂಪಲ್‌ಗೂ ಜೋಡಿಯಾಗಿ, 1 ಮೈಕ್ರೊಮೋಲಾರ್ ಎಸಿ-ಡಿಇವಿಡಿ-ಸಿಎಚ್‌ಒ ಹಾಕಿದ ಗುಂಡಿ. ಈ ಆಲ್ಡಿಹೈಡ್ ಕ್ಯಾಸ್ಪೇಸ್‌ನ ಸಿಸ್ಟೀನನ್ನು ಹಿಡಿದು ನಿಲ್ಲಿಸುತ್ತದೆ. ಇದನ್ನು ಐದನೇ ಹಂತದಲ್ಲೇ ಹಾಕಬೇಕು, ಸಬ್‌ಸ್ಟ್ರೇಟ್ ಹಾಕಿದ ಮೇಲಲ್ಲ. ಇದಿದ್ದಾಗಲೂ ಉಳಿಯುವ ಇಳಿಜಾರು ಬೇರೆ ಪ್ರೋಟಿಯೇಸ್‌ಗಳದ್ದು. ಅದನ್ನು ಕಳೆದು ಉಳಿದದ್ದೇ ನಿಮ್ಮ ಉತ್ತರ. "ಚಿಕಿತ್ಸೆ ಭಾಗಿಸು ಕಂಟ್ರೋಲ್, ಇಷ್ಟು ಪಟ್ಟು" ಎಂದು ಮಾತ್ರ ಬರೆದ, ಈ ಗುಂಡಿಯಿಲ್ಲದ ಫಲಿತಾಂಶಕ್ಕೆ ಹೆಚ್ಚು ಬೆಲೆ ಕೊಡಲಾಗದು.

ಹೀಗೆ ಕಳೆದ ಮೇಲೂ ಅದನ್ನು "ಕ್ಯಾಸ್ಪೇಸ್-3 ಚಟುವಟಿಕೆ" ಎನ್ನುವುದಕ್ಕಿಂತ "ಡಿಇವಿಡಿ ಕತ್ತರಿಸುವ ಚಟುವಟಿಕೆ" ಎನ್ನುವುದೇ ಸರಿ. ಕ್ಯಾಸ್ಪೇಸ್-7 ಕೂಡ ಇದನ್ನು ಚೆನ್ನಾಗಿ ಕತ್ತರಿಸುತ್ತದೆ. ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಕ್ಯಾಸ್ಪೇಸ್-3ರ ಜೀನ್‌ನಿಂದ 47 ಬೇಸ್‌ಗಳು ಬಿಟ್ಟುಹೋಗಿವೆ, ಪ್ರೋಟೀನ್ ತಯಾರಾಗುವುದೇ ಇಲ್ಲ. ಆದರೂ ಅವು ಸಾಯುವಾಗ ಡಿಇವಿಡಿ ಸಂಕೇತ ಬರುತ್ತದೆ. "ಎಂಸಿಎಫ್-7ರಲ್ಲಿ ಕ್ಯಾಸ್ಪೇಸ್-3 ಸಕ್ರಿಯವಾಯಿತು" ಎಂದು ಬರೆದ ಪ್ರಬಂಧ ಪರೀಕ್ಷಕರ ಮುಂದೆ ನಿಲ್ಲುವುದಿಲ್ಲ.

ಲೆಕ್ಕ

ಅದೇ ಪ್ಲೇಟ್‌ನಲ್ಲಿ ಪಿಎನ್‌ಎಯ 0, 10, 25, 50, 100, 200 ಮೈಕ್ರೊಮೋಲಾರ್ ದ್ರಾವಣಗಳನ್ನು ತಲಾ 100 ಮೈಕ್ರೊಲೀಟರ್ ಇಟ್ಟು ಸ್ಟ್ಯಾಂಡರ್ಡ್ ಗೆರೆ ಎಳೆಯಿರಿ. ಪುಸ್ತಕದಲ್ಲಿರುವ ಹೀರಿಕೆಯ ಗುಣಾಂಕ 1 ಸೆಂಟಿಮೀಟರ್ ಕ್ಯುವೆಟ್‌ಗೆ. 100 ಮೈಕ್ರೊಲೀಟರ್ ತುಂಬಿದ ಗುಂಡಿಯಲ್ಲಿ ದ್ರಾವಣದ ಆಳ ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ.

ಲೆಕ್ಕ ಹೀಗೆ. ಸ್ಟ್ಯಾಂಡರ್ಡ್ ಗೆರೆ ಪ್ರತಿ ಮೈಕ್ರೊಮೋಲಾರ್‌ಗೆ 0.0029 ಹೀರಿಕೆ ಕೊಟ್ಟಿತು ಎನ್ನಿ. ಆಲ್ಡಿಹೈಡ್ ಹಾಕಿದ ಗುಂಡಿಯದನ್ನು ಕಳೆದ ಮೇಲೆ ಸ್ಯಾಂಪಲ್‌ನ ಇಳಿಜಾರು ನಿಮಿಷಕ್ಕೆ 0.00145. ಭಾಗಿಸಿದರೆ ನಿಮಿಷಕ್ಕೆ 0.5 ಮೈಕ್ರೊಮೋಲಾರ್. 100 ಮೈಕ್ರೊಲೀಟರ್‌ನಲ್ಲಿ ಅದು 50 ಪಿಕೊಮೋಲ್. ಪ್ರೋಟೀನ್ 0.05 ಮಿಲಿಗ್ರಾಂ. ಆದ್ದರಿಂದ ಮಿಲಿಗ್ರಾಂಗೆ ನಿಮಿಷಕ್ಕೆ 1,000 ಪಿಕೊಮೋಲ್, ಅಂದರೆ 1 ನ್ಯಾನೊಮೋಲ್. ಇಳಿಜಾರನ್ನು ಸಬ್‌ಸ್ಟ್ರೇಟ್‌ನ ಶೇ. 10 ಖರ್ಚಾಗುವವರೆಗಿನ ಭಾಗದಿಂದಷ್ಟೇ ತೆಗೆಯಿರಿ. ಇಲ್ಲಿ ಅದು 20 ಮೈಕ್ರೊಮೋಲಾರ್, 40 ನಿಮಿಷ.

ಎಲ್ಲಿ ಕೆಡುತ್ತದೆ

ಎಲ್ಲ ಗುಂಡಿಗಳಲ್ಲೂ ಇಳಿಜಾರು ಸಪ್ಪೆಯಾಗಿದ್ದರೆ ಮೊದಲ ಅನುಮಾನ ಡಿಟಿಟಿಯ ಮೇಲೆ ಇರಲಿ. ಹೊಸದನ್ನು ಹಾಕಿ ಮತ್ತೆ ಅಳೆಯಿರಿ.

ಗೆರೆ ಹತ್ತೇ ನಿಮಿಷದಲ್ಲಿ ಬಾಗಿದರೆ ಲೈಸೇಟ್ ಜಾಸ್ತಿಯಾಗಿದೆ. 10 ಮೈಕ್ರೊಗ್ರಾಂಗೆ ಇಳಿಸಿ. ಪ್ರೋಟೀನ್ ಅರ್ಧ ಮಾಡಿದರೆ ಇಳಿಜಾರೂ ಅರ್ಧವಾಗಬೇಕು, ಇದೊಂದು ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಗೆರೆ ಮೊದಲು ಚಪ್ಪಟೆಯಾಗಿದ್ದು ಆಮೇಲೆ ಏರಿದರೆ ಪ್ಲೇಟ್ ಇನ್ನೂ ಬೆಚ್ಚಗಾಗಿರಲಿಲ್ಲ ಎಂದರ್ಥ.

ಔಷಧ ಹಾಕದ ಕೋಶಗಳಲ್ಲೇ ಚಟುವಟಿಕೆ ಹೆಚ್ಚಿದ್ದರೆ ದಟ್ಟಣೆ ನೋಡಿ, ಕಲ್ಚರ್‌ಗೆ ತಗಲುವ ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ.

ನಮ್ಮಲ್ಲಿ ಗಿಡಮೂಲಿಕೆಯ ಸಾರಗಳನ್ನು ಪರೀಕ್ಷಿಸುವವರು ಬಹಳ. ಅವರಿಗೆ ಒಂದು ಮಾತು. ಅರಿಸಿನದ ಕರ್ಕ್ಯುಮಿನ್ ಹಳದಿ, ಪಿಎನ್‌ಎಯೂ ಹಳದಿ. ಕರ್ಕ್ಯುಮಿನ್ 425 ನ್ಯಾನೊಮೀಟರ್ ಸುತ್ತಮುತ್ತ ಬೆಳಕನ್ನು ಜೋರಾಗಿ ಹೀರುತ್ತದೆ, 405ರಲ್ಲೂ ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಒಮ್ಮೆ ಮಾತ್ರ ಓದುವ ವಿಧಾನದಲ್ಲಿ, ತೊಳೆದರೂ ಕೋಶಕ್ಕೆ ಅಂಟಿ ಉಳಿದ ಕರ್ಕ್ಯುಮಿನ್ ನೇರವಾಗಿ "ಕ್ಯಾಸ್ಪೇಸ್" ಆಗಿಬಿಡುತ್ತದೆ. ಇಳಿಜಾರು ಅಳೆದರೆ ಬದಲಾಗದ ಬಣ್ಣ ತಾನಾಗಿ ಕಳೆದುಹೋಗುತ್ತದೆ. ಅಲ್ಲಿಗೂ ಮುಗಿಯಲಿಲ್ಲ: ಪಿಎಚ್ 7.4ರ ಬಫರ್‌ನಲ್ಲಿ 37 ಡಿಗ್ರಿಗೆ ಕರ್ಕ್ಯುಮಿನ್ ಒಡೆದು ಬಣ್ಣ ಕಳೆದುಕೊಳ್ಳುತ್ತದೆ, ಆಗ ಇಳಿಜಾರು ಇರುವುದಕ್ಕಿಂತ ಕಡಿಮೆ ಕಾಣಬಹುದು. ಸಬ್‌ಸ್ಟ್ರೇಟ್ ಇಲ್ಲದ ಲೈಸೇಟ್‌ನ ಗುಂಡಿ ಇರುವುದು ಇದನ್ನು ಹಿಡಿಯಲು. ಬಣ್ಣದ ಕಾಟ ತಪ್ಪದಿದ್ದರೆ ಎಸಿ-ಡಿಇವಿಡಿ-ಎಎಫ್‌ಸಿ ಎಂಬ ಪ್ರತಿದೀಪ್ತ ಸಬ್‌ಸ್ಟ್ರೇಟ್‌ಗೆ ಹೋಗಿ, 400ರಲ್ಲಿ ಬೆಳಗಿಸಿ 505ರಲ್ಲಿ ಓದಿ, ಕಪ್ಪು ಪ್ಲೇಟ್ ಬಳಸಿ. ಆದರೆ ಕರ್ಕ್ಯುಮಿನ್ ಕೂಡ ಹಸಿರಾಗಿ ಹೊಳೆಯುತ್ತದೆ. ಅಲ್ಲೂ ಅದೇ ಗುಂಡಿ ಬೇಕು.

ಬ್ಲಾಟ್‌ನಲ್ಲಿ ತಾಳೆ ನೋಡುವುದು

ಅದೇ ಲೈಸೇಟ್‌ನ 30 ಮೈಕ್ರೊಗ್ರಾಂ ಶೇ. 15ರ ಜೆಲ್‌ನಲ್ಲಿ ಓಡಿಸಿ. ಪ್ರೊಕ್ಯಾಸ್ಪೇಸ್-3 ಸುಮಾರು 32ರಿಂದ 35 ಕಿಲೊಡಾಲ್ಟನ್, ತುಂಡಾದದ್ದು 17 ಮತ್ತು 19. ಇಷ್ಟು ಚಿಕ್ಕ ತುಂಡು 0.45 ಮೈಕ್ರಾನ್ ಪೊರೆಯನ್ನು ದಾಟಿಹೋಗಬಹುದು, 0.2 ಮೈಕ್ರಾನ್‌ನದ್ದು ಬಳಸಿ. ಪಿಎಆರ್‌ಪಿ-1ಕ್ಕೆ ಬೇರೆ ಜೆಲ್, ಶೇ. 8 ಸಾಕು: 116ರ ಬ್ಯಾಂಡ್ ತೆಳುವಾಗಿ 89ರದ್ದು ಏಳುತ್ತದೆ. ಆದರೆ ಪಿಎಆರ್‌ಪಿ-1 ಇರುವುದು ನ್ಯೂಕ್ಲಿಯಸ್‌ನಲ್ಲಿ. ಚಾಪ್ಸ್ ಲೈಸೇಟ್‌ನ ತಿಳಿಯಲ್ಲಿ ಅದು ಸಿಗದಿದ್ದರೆ ಆಶ್ಚರ್ಯಪಡಬೇಡಿ, ಕೋಶಗಳನ್ನು ನೇರ ಎಸ್‌ಡಿಎಸ್ ಬಫರ್‌ನಲ್ಲಿ ಕುದಿಸಿ ಬೇರೆ ಸ್ಯಾಂಪಲ್ ಮಾಡಿ.

ಮೆದುಳಿನ ಕೋಶಗಳಲ್ಲಿ ಕೆಲಸ ಮಾಡುವವರು ಕೋಶದ ಚೌಕಟ್ಟಿನ ಪ್ರೋಟೀನ್ ಆದ ಸ್ಪೆಕ್ಟ್ರಿನ್‌ನ ಬ್ಲಾಟನ್ನೂ ಸೇರಿಸಿಕೊಳ್ಳಬಹುದು. 145ರ ತುಂಡು ಕ್ಯಾಲ್ಸಿಯಂ ಕೇಳುವ ಕ್ಯಾಲ್ಪೇನ್ ಕಿಣ್ವದ್ದು, 120ರದ್ದು ಕ್ಯಾಸ್ಪೇಸ್-3ರದ್ದು. 150 ಎರಡರಿಂದಲೂ ಬರುತ್ತದೆ, ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಕಿಣ್ವವನ್ನು ತಡೆದರೂ ಕೋಶ ಸತ್ತರೆ

ಕೊನೆಯ ಕಂಟ್ರೋಲ್ ಜೀವಂತ ಕೋಶದ ಮೇಲೆ. ಔಷಧಕ್ಕೆ ಒಂದು ಗಂಟೆ ಮೊದಲು ಝಡ್-ವಿಎಡಿ-ಎಫ್‌ಎಂಕೆ 20 ಮೈಕ್ರೊಮೋಲಾರ್ ಹಾಕಿ. ಇದು ಬಹುತೇಕ ಎಲ್ಲ ಕ್ಯಾಸ್ಪೇಸ್‌ಗಳಿಗೂ ಶಾಶ್ವತವಾಗಿ ಅಂಟುತ್ತದೆ, ಕ್ಯಾಥೆಪ್ಸಿನ್ ಎಂಬ ಬೇರೆ ಪ್ರೋಟಿಯೇಸ್‌ಗಳಲ್ಲಿ ಕೆಲವಕ್ಕೂ ಅಂಟುತ್ತದೆ. ಡಿಇವಿಡಿ ಚಟುವಟಿಕೆ ನೆಲಕ್ಕಿಳಿದು, ಟ್ರೈಪಾನ್ ಬ್ಲೂ ಎಣಿಕೆಯಲ್ಲಿ ಕೋಶಗಳೂ ಉಳಿದರೆ ಸಾವು ಕ್ಯಾಸ್ಪೇಸ್‌ಗಳ ಮೂಲಕವೇ ನಡೆಯುತ್ತಿತ್ತು ಎನ್ನಬಹುದು.

ಚಟುವಟಿಕೆ ಇಳಿದೂ ಕೋಶಗಳು ಸಾಯುತ್ತಲೇ ಇದ್ದರೆ? ಮೈಟೊಕಾಂಡ್ರಿಯ ಒಮ್ಮೆ ಸೋರಿದ ಮೇಲೆ ಕ್ಯಾಸ್ಪೇಸ್ ಇಲ್ಲದೆಯೂ ಕೋಶ ನಿಧಾನವಾಗಿ ಸಾಯಬಲ್ಲದು, ಇದು ಒಂದು ಕಾರಣ. ಇನ್ನೊಂದು ನೆಕ್ರೊಪ್ಟೋಸಿಸ್, ಅಂದರೆ ಕ್ಯಾಸ್ಪೇಸ್ ಇಲ್ಲದೆ ಪೊರೆ ಒಡೆದು ನಡೆಯುವ ಯೋಜಿತ ಸಾವು. ಕ್ಯಾಸ್ಪೇಸ್-8 ಕೊಲ್ಲುವ ಕಿಣ್ವ ಮಾತ್ರವಲ್ಲ, ಆರ್‌ಐಪಿಕೆ1 ಮತ್ತು ಆರ್‌ಐಪಿಕೆ3 ಕೈನೇಸ್‌ಗಳನ್ನು ಹದ್ದುಬಸ್ತಿನಲ್ಲಿಡುವುದೂ ಅದರ ಕೆಲಸ. ನೀವು ಝಡ್-ವಿಎಡಿ ಹಾಕಿ 8ನೆಯದನ್ನೂ ಕಟ್ಟಿಹಾಕಿದಾಗ, ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನ್‌ನ ಸಂಕೇತ ಇರುವ ಕೋಶದಲ್ಲಿ ಆರ್‌ಐಪಿಕೆ3 ಎಚ್ಚೆತ್ತು ಎಂಎಲ್‌ಕೆಎಲ್ ಎಂಬ ಪ್ರೋಟೀನ್‌ಗೆ ಫಾಸ್ಫೇಟ್ ಸೇರಿಸುತ್ತದೆ, ಎಂಎಲ್‌ಕೆಎಲ್ ಪೊರೆಯನ್ನು ಒಡೆಯುತ್ತದೆ. ಇಲಿಯ ಎಲ್929 ಕೋಶಗಳು ಇದಕ್ಕೆ ಹೆಸರುವಾಸಿ: ಅಲ್ಲಿ ಝಡ್-ವಿಎಡಿ ಸಾವನ್ನು ತಡೆಯುವ ಬದಲು ಬೇಗ ತರುತ್ತದೆ. ಇಂಥ ಅನುಮಾನವಿದ್ದರೆ ನಾಲ್ಕು ಫ್ಲಾಸ್ಕ್ ಇಡಿ: ಔಷಧ ಮಾತ್ರ, ಔಷಧ ಮತ್ತು ಝಡ್-ವಿಎಡಿ, ಔಷಧ ಮತ್ತು 30 ಮೈಕ್ರೊಮೋಲಾರ್ ನೆಕ್ರೊಸ್ಟ್ಯಾಟಿನ್-1 (ಆರ್‌ಐಪಿಕೆ1 ತಡೆಯುವ ವಸ್ತು), ಔಷಧದ ಜೊತೆ ಎರಡೂ. ನಾಲ್ಕನೆಯದರಲ್ಲಿ ಮಾತ್ರ ಕೋಶಗಳು ಉಳಿದರೆ, ಫಾಸ್ಫೊ-ಎಂಎಲ್‌ಕೆಎಲ್ ಬ್ಲಾಟ್ ಮಾಡಿ ಖಚಿತಪಡಿಸಿಕೊಳ್ಳಿ. ಮನುಷ್ಯರ ಕೋಶಕ್ಕೆ 358ನೆಯ ಸೀರಿನ್, ಇಲಿಯದಕ್ಕೆ 345ನೆಯದು. ಆಂಟಿಬಾಡಿ ತರಿಸುವಾಗ ಇದನ್ನು ನೋಡಿಯೇ ತರಿಸಿ.